ಹೊತ್ತವರು ಮತ್ತು ಹೊರಿಸಲ್ಪಟ್ಟವರು: ‘ಸ್ಕೇಪ್‌ಗೋಟ್’ ಎಂಬ ಪದದ ಅರ್ಥವಿಚಾರ

ಪೀಠಿಕೆ

ಮೇಲಧಿಕಾರಿಗಳ ತಪ್ಪಿಗೆ ಕೆಳಗಿನ ನೌಕರನೊಬ್ಬ ಬಲಿಪಶುವಾದನೆಂದು ದಿನಪತ್ರಿಕೆಗಳು ಆಗಾಗ ಬರೆಯುತ್ತವೆ. ಪ್ರಭು ಕ್ರಿಸ್ತರು ನಮ್ಮ ಪಾಪಗಳಿಗಾಗಿ ಬಲಿಪಶುವಾದರೆಂದು ಶುಭಶುಕ್ರವಾರದ ಪ್ರಬೋಧನೆಗಳಲ್ಲಿ ನಾವು ಹೇಳುತ್ತೇವೆ. ಎರಡು ಕಡೆಯೂ ಪದ ಒಂದೇ. ಪದ ಒಂದೇ ಆದಾಗ ಕೇಳುವವರ ಮನಸ್ಸಿನಲ್ಲಿ ಅರ್ಥವೂ ಒಂದೇ ಆಗಿಬಿಡುವ ಅಪಾಯವಿದೆ. ಹಾಗಾದರೆ ತಂದೆಯಾದ ದೇವರು ನಿರಪರಾಧಿಯ ತಲೆಗೆ ತಪ್ಪನ್ನು ಕಟ್ಟಿ ಲೆಕ್ಕ ಮುಗಿಸುವ ಮೇಲಧಿಕಾರಿಯಂತೆ ಕಾಣಿಸತೊಡಗುತ್ತಾರೆ. ಶಿಲುಬೆಯು ಪ್ರೀತಿಯ ಗುರುತಾಗಿ ಉಳಿಯುವುದಿಲ್ಲ.

ಪತ್ರಿಕೆಯ ಈ ಬಳಕೆಯ ಹಿಂದೆ ಇರುವುದು ಇಂಗ್ಲಿಷಿನ ‘ಸ್ಕೇಪ್‌ಗೋಟ್’ ಎಂಬ ಸಮಸ್ತಪದ. ಈ ಪದವು ಪವಿತ್ರ ಗ್ರಂಥದ ಅನುವಾದದಲ್ಲಿಯೇ ಹುಟ್ಟಿ, ಚಿತ್ರಕಲೆ, ಮಾನವಶಾಸ್ತ್ರ, ಸಮಾಜ ಮನೋವಿಜ್ಞಾನ, ರಾಜಕಾರಣಗಳ ಮೂಲಕ ಹಾದು, ಮತ್ತೆ ದೈವಶಾಸ್ತ್ರಕ್ಕೆ ಹಿಂದಿರುಗಿದೆ. ಈ ಪಯಣದಲ್ಲಿ ಅದರ ಅರ್ಥ ಬಹುಮಟ್ಟಿಗೆ ತಲೆಕೆಳಗಾಗಿದೆ. ಪ್ರಸ್ತುತ ಲೇಖನದಲ್ಲಿ ನಾವು ಮೊದಲು ಪದದ ಹುಟ್ಟನ್ನೂ ಅದು ಸೂಚಿಸುವ ಆಚರಣೆಯನ್ನೂ ಪರಿಶೀಲಿಸಿ, ಬಳಿಕ ಅದರ ಬೇರೆ ಬೇರೆ ಬಳಕೆಗಳನ್ನು ವಿಂಗಡಿಸಿ, ಕ್ರಿಸ್ತರ ವಿಷಯದಲ್ಲಿ ಇದನ್ನು ಯಾವ ಅರ್ಥದಲ್ಲಿ ಹೇಳಬಹುದು, ಯಾವ ಅರ್ಥದಲ್ಲಿ ಹೇಳಬಾರದು ಎಂಬುದನ್ನು ನಿರ್ಧರಿಸಲು ಯತ್ನಿಸುತ್ತೇವೆ.

ಪದದ ಹುಟ್ಟು

ಹೆಚ್ಚಿನ ಪದಗಳ ಜನ್ಮಕಾಲ ನಮಗೆ ತಿಳಿಯದು. ಈ ಪದದ್ದು ತಿಳಿದಿದೆ. ವಿಲಿಯಂ ಟಿಂಡೇಲ್ ಅವರು ಹೀಬ್ರೂ ಮೂಲದಿಂದ ಇಂಗ್ಲಿಷಿಗೆ ತಂದ ಮೋಶೆಯ ಪಂಚಗ್ರಂಥಗಳು 1530ರಲ್ಲಿ ಅಚ್ಚಾದವು. ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ದೋಷಪರಿಹಾರಕ ದಿನದಂದು ಅರಣ್ಯಕ್ಕೆ ಕಳುಹಿಸುವ ಹೋತವನ್ನು ಹೆಸರಿಸಲು ಅವರು ಈ ಪದವನ್ನು ಕಟ್ಟಿದರು. ‘ಎಸ್ಕೇಪ್’ ಎಂಬ ಕ್ರಿಯಾಪದದ ಮೊಟಕುಗೊಂಡ ರೂಪ ‘ಸ್ಕೇಪ್’. ಅದರೊಡನೆ ‘ಗೋಟ್’ ಎಂದರೆ ಮೇಕೆ ಸೇರಿದೆ. ಕನ್ನಡ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಗಮಕ ಸಮಾಸದ ಜಾತಿಗೆ ಸೇರಿದ್ದು. ತೂಗುವ ತೊಟ್ಟಿಲು ‘ತೂಗುತೊಟ್ಟಿಲು’ ಆಗುವಂತೆ, ಸುಡುವ ಕಾಡು ‘ಸುಡುಗಾಡು’ ಆಗುವಂತೆ, ಪಾರಾಗಿ ಹೋಗುವ ಹೋತ ‘ಸ್ಕೇಪ್‌ಗೋಟ್’ ಆಯಿತು. ಇಂಗ್ಲಿಷಿನಲ್ಲಿ ಇದೇ ಬಗೆಯಲ್ಲಿ ಕಟ್ಟಿದಂತೆ ಕಾಣುವ ‘ಪಿಕ್‌ಪಾಕೆಟ್’ ಎಂಬ ಪದದಲ್ಲಿ ಜೇಬು ಕರ್ಮ, ಕದಿಯುವವನು ಬೇರೆ. ‘ಸ್ಕೇಪ್‌ಗೋಟ್’ ಪದದಲ್ಲಾದರೋ ಹೋತವೇ ಕರ್ತೃ, ಪಾರಾಗುವುದು ಅದೇ. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಹೀಬ್ರೂ ಮೂಲದಲ್ಲಿರುವ ಪದ ‘ಅಜಾಜೇಲ್’. ಇದರ ಅರ್ಥದ ಬಗ್ಗೆ ಪ್ರಾಚೀನ ಕಾಲದಿಂದಲೂ ಭಿನ್ನಾಭಿಪ್ರಾಯವಿದೆ. ಮೊದಲನೆಯದಾಗಿ, ಇದನ್ನು ‘ಏಜ್’ ಎಂದರೆ ಮೇಕೆ, ‘ಆಜಲ್’ ಎಂದರೆ ಹೊರಟುಹೋಗು ಎಂದು ಎರಡಾಗಿ ಒಡೆದು, ಹೊರಟುಹೋಗುವ ಮೇಕೆ ಎಂದು ಅರ್ಥೈಸುವವರಿದ್ದಾರೆ. ಗ್ರೀಕ್ ಸಪ್ತತಿ ಅನುವಾದವು ‘ಕಳುಹಿಸಿಬಿಡಲ್ಪಟ್ಟದ್ದು’ ಎಂಬ ಅರ್ಥದ ಪದವನ್ನು ಬಳಸಿತು. ಸಂತ ಜೆರೋಮರ ಲತೀನ್ ಅನುವಾದದಲ್ಲಿ ಅದು ‘ಕಾಪೆರ್ ಎಮಿಸ್ಸಾರಿಯುಸ್’, ಅಂದರೆ ಕಳುಹಿಸಲ್ಪಟ್ಟ ಹೋತ ಎಂದಾಯಿತು. ಟಿಂಡೇಲ್ ಈ ಪರಂಪರೆಯಲ್ಲಿಯೇ ನಡೆದರು. ಎರಡನೆಯದಾಗಿ, ಯೆಹೂದಿ ರಬ್ಬಿಗಳಲ್ಲಿ ಕೆಲವರು ಇದನ್ನು ಕಡಿದಾದ ಬಂಡೆಯಿರುವ ಒಂದು ಸ್ಥಳವೆಂದು ತಿಳಿದರು. ಮೂರನೆಯದಾಗಿ, ಇದು ಅರಣ್ಯದಲ್ಲಿ ವಾಸಿಸುವ ದುಷ್ಟಶಕ್ತಿಯೊಂದರ ಹೆಸರು ಎಂಬುದು ಇಂದಿನ ಹಲವು ಪಂಡಿತರ ಅಭಿಪ್ರಾಯ. ಒಂದು ಚೀಟು ಸರ್ವೇಶ್ವರನಿಗೆ, ಮತ್ತೊಂದು ಅಜಾಜೇಲನಿಗೆ ಎಂಬ ಜೋಡಿ ಮಾತಿನಲ್ಲಿ ಎರಡೂ ವ್ಯಕ್ತಿನಾಮಗಳಾಗಿರುವುದೇ ಸಹಜವೆಂಬುದು ಅವರ ವಾದ. ಹನೋಕನ ಹೆಸರಿನಲ್ಲಿರುವ ಮೊದಲ ಗ್ರಂಥದಲ್ಲಿ ಅಜಾಜೇಲನು ಪತನಗೊಂಡ ದೂತರಲ್ಲಿ ಒಬ್ಬ. 1611ರ ರಾಜ ಜೇಮ್ಸ್ ಅನುವಾದವು ಟಿಂಡೇಲರ ಪದವನ್ನು ಉಳಿಸಿಕೊಂಡಿತು; 1885ರ ಪರಿಷ್ಕೃತ ಅನುವಾದವು ಅದನ್ನು ಕೈಬಿಟ್ಟು ‘ಅಜಾಜೇಲ್’ ಎಂಬ ಹೆಸರನ್ನೇ ಇಟ್ಟಿತು. ಹೀಗೆ, ಜಗತ್ತಿಗೆಲ್ಲ ಪರಿಚಿತವಾದ ಈ ಪದವು ತಾನು ಹುಟ್ಟಿದ ವಾಕ್ಯದಿಂದಲೇ ಎಷ್ಟೋ ಅನುವಾದಗಳಲ್ಲಿ ಹೊರಬಿದ್ದಿದೆ.

ಒಂದೇ ಹೋತವನ್ನು ಬೇರೆ ಬೇರೆ ಭಾಷೆಗಳು ಬೇರೆ ಬೇರೆ ಕೋನದಿಂದ ಕಂಡಿವೆ. ಫ್ರೆಂಚ್ ಭಾಷೆಯ ‘ಬೂಕ್ ಎಮಿಸ್ಸೇರ್’ ಲತೀನನ್ನು ಅನುಸರಿಸಿ ಕಳುಹಿಸುವುದನ್ನು ಎತ್ತಿಹಿಡಿಯುತ್ತದೆ. ಜರ್ಮನ್ ಭಾಷೆಯ ‘ಸ್ಯೂಂಡನ್‌ಬೊಕ್’ ಎಂದರೆ ಪಾಪದ ಹೋತ. ಇಟಾಲಿಯನ್ ಭಾಷೆಯ ‘ಕಾಪ್ರೊ ಎಸ್ಪಿಯಾತೋರಿಯೊ’ ಎಂದರೆ ಪ್ರಾಯಶ್ಚಿತ್ತದ ಹೋತ. ಇಂಗ್ಲಿಷ್ ಪಾರಾಗುವುದನ್ನು ಕಂಡಿತು. ಕನ್ನಡದಲ್ಲಿ ನಾವು ಆರಿಸಿಕೊಂಡ ‘ಬಲಿಪಶು’ ಮಾತ್ರ ವಧೆಯನ್ನು ಹೇಳುತ್ತದೆ. ಆದರೆ ಯಾಜಕಕಾಂಡದ ಆ ಹೋತವನ್ನು ವಧಿಸುವುದಿಲ್ಲ ಎಂಬುದೇ ಅದರ ವಿಶೇಷ.

ಎರಡು ಹೋತಗಳು

ಆಚರಣೆಯ ವಿವರಗಳನ್ನು ಈಗ ಗಮನಿಸೋಣ. ಏಳನೆಯ ತಿಂಗಳಿನ ಹತ್ತನೆಯ ದಿನ ಮಹಾಯಾಜಕನು ಇಸ್ರಯೇಲರ ಸಮುದಾಯದಿಂದ ಎರಡು ಹೋತಗಳನ್ನು ತೆಗೆದುಕೊಳ್ಳುತ್ತಾನೆ. ಯಾವುದು ಯಾರಿಗೆಂದು ಚೀಟು ಹಾಕಿ ನಿರ್ಧರಿಸಲಾಗುತ್ತದೆ. ಸರ್ವೇಶ್ವರನ ಪಾಲಿಗೆ ಬಂದ ಹೋತವನ್ನು ವಧಿಸಿ, ಅದರ ರಕ್ತವನ್ನು ತೆರೆಯ ಒಳಗೆ ತಂದು ಕೃಪಾಸನದ ಮೇಲೆಯೂ ಅದರ ಮುಂದೆಯೂ ಚಿಮುಕಿಸಲಾಗುತ್ತದೆ. ಈ ರಕ್ತದಿಂದ ದೇವಸನ್ನಿಧಿಯ ಸ್ಥಳ ಶುದ್ಧಿಯಾಗುತ್ತದೆ. ಎರಡನೆಯ ಹೋತವನ್ನು ಜೀವಂತವಾಗಿ ನಿಲ್ಲಿಸಿ, ಆರೋನನು ತನ್ನ ಎರಡೂ ಕೈಗಳನ್ನು ಅದರ ತಲೆಯ ಮೇಲಿಟ್ಟು, ಇಸ್ರಯೇಲರ ಅಕ್ರಮಗಳನ್ನೂ ದ್ರೋಹಗಳನ್ನೂ ಪಾಪಗಳನ್ನೂ ನಿವೇದಿಸಿ, ಅವನ್ನೆಲ್ಲ ಹೋತದ ತಲೆಯ ಮೇಲೆ ಹೊರಿಸಿ, ನೇಮಿತನಾದ ಒಬ್ಬನ ಕೈಯಿಂದ ಅರಣ್ಯಕ್ಕೆ ಕಳುಹಿಸುತ್ತಾನೆ. ಹೋತವು ಆ ಪಾಪಗಳನ್ನು ಹೊತ್ತು ನಿರ್ಜನ ಪ್ರದೇಶಕ್ಕೆ ಹೋಗುತ್ತದೆ. ಕುಷ್ಠ ಗುಣವಾದವನ ಶುದ್ಧೀಕರಣದಲ್ಲಿಯೂ (ಯಾಜಕಕಾಂಡ 14) ಎರಡು ಪಕ್ಷಿಗಳಲ್ಲಿ ಒಂದನ್ನು ವಧಿಸಿ ಇನ್ನೊಂದನ್ನು ಬಯಲಿಗೆ ಹಾರಬಿಡುವ ಇದೇ ಬಗೆಯ ಕ್ರಮವಿದೆ.

ಇಲ್ಲಿ ಮೂರು ಸಂಗತಿಗಳು ನಮ್ಮ ವಿಷಯಕ್ಕೆ ಮುಖ್ಯ.

ಮೊದಲನೆಯದು, ಹೋತದ ಮೇಲೆ ದ್ವೇಷವಿಲ್ಲ. ಅದು ತಪ್ಪು ಮಾಡಿತೆಂದು ಯಾರೂ ಹೇಳುವುದಿಲ್ಲ. ಆಯ್ಕೆ ನಡೆಯುವುದು ಚೀಟಿನಿಂದ; ಬಲಹೀನವಾದದ್ದನ್ನೋ ಪರರದ್ದನ್ನೋ ಹುಡುಕಿ ತರುವುದಿಲ್ಲ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾದ ‘ಯೋಮಾ’ ಎಂಬ ಭಾಗದ ಪ್ರಕಾರ ಎರಡು ಹೋತಗಳೂ ರೂಪದಲ್ಲಿ, ಎತ್ತರದಲ್ಲಿ, ಬೆಲೆಯಲ್ಲಿ ಸಮಾನವಾಗಿದ್ದು, ಒಟ್ಟಿಗೇ ಕೊಂಡವಾಗಿರಬೇಕು.

ಎರಡನೆಯದು, ನಿವೇದನೆ. ಹೊರಿಸುವ ಮೊದಲು ಒಪ್ಪಿಕೊಳ್ಳಬೇಕು. ಪಾಪ ನಮ್ಮದು ಎಂಬ ಮಾತನ್ನು ಸಮುದಾಯದ ಪರವಾಗಿ ಬಾಯಿಬಿಟ್ಟು ಹೇಳದೆ ಹೋತವು ಹೆಜ್ಜೆ ಇಡುವಂತಿಲ್ಲ. ಅದೇ ‘ಯೋಮಾ’ ಇನ್ನೊಂದು ಮಾತನ್ನೂ ಸೇರಿಸುತ್ತದೆ: ದೇವರಿಗೆ ವಿರುದ್ಧವಾದ ಅಪರಾಧಗಳಿಗೆ ಈ ದಿನವು ಪರಿಹಾರ ತರುತ್ತದೆ, ನೆರೆಯವನಿಗೆ ಮಾಡಿದ ಅನ್ಯಾಯಕ್ಕಾದರೋ, ಆ ನೆರೆಯವನನ್ನು ಸಮಾಧಾನಪಡಿಸುವ ತನಕ ಪರಿಹಾರವಿಲ್ಲ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಬೇಕೆಂಬ ಯೇಸುಸ್ವಾಮಿಯ ಬೋಧನೆ (ಮತ್ತಾಯ 5:23-24) ಇದೇ ದಿಕ್ಕಿನದು.

ಮೂರನೆಯದು, ಹೋತವನ್ನು ಕರೆದೊಯ್ದವನ ಸ್ಥಿತಿ. ಅವನು ಬಟ್ಟೆಗಳನ್ನು ಒಗೆದುಕೊಂಡು, ಸ್ನಾನಮಾಡಿ, ಪಾಳೆಯಕ್ಕೆ ಹಿಂದಿರುಗುತ್ತಾನೆ (16:26). ಊರಿನ ಪಾಪವನ್ನು ಸಾಗಿಸಿದವನು ಊರ ಹೊರಗೇ ಉಳಿಯಬೇಕೆಂದು ಧರ್ಮಶಾಸ್ತ್ರ ಹೇಳುವುದಿಲ್ಲ.

ಆದರೆ ಆಚರಣೆ ಶತಮಾನಗಳಲ್ಲಿ ಗಡುಸಾಯಿತು. ಮಿಶ್ನಾದ ನೆನಪಿನಂತೆ, ಎರಡನೆಯ ದೇವಾಲಯದ ಕಾಲದಲ್ಲಿ ಹೋತದ ತಲೆಗೆ ಕೆಂಪು ನೂಲನ್ನು ಕಟ್ಟುತ್ತಿದ್ದರು. ಅದನ್ನು ಹೊತ್ತುಕೊಂಡು ಬೇಗ ಹೋಗೆಂದು ಕೆಲವರು ದಾರಿಯಲ್ಲಿ ಅದರ ಕೂದಲನ್ನು ಎಳೆಯುತ್ತಿದ್ದರು. ಕೊನೆಗೆ ಬಂಡೆಯ ಮೇಲಿನಿಂದ ಅದನ್ನು ಹಿಂದಕ್ಕೆ ನೂಕಿ ಕೊಲ್ಲಲಾಗುತ್ತಿತ್ತು. ಪಾರಾಗಿ ಹೋಗಬೇಕಾದ ಹೋತ ಈಗ ಸಾಯುತ್ತದೆ. ಗುಂಪಿನ ಕೈಯೂ ಅದರ ಮೈಮೇಲೆ ಬೀಳುತ್ತದೆ. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾದಾಗ ಆಚರಣೆಯೂ ನಿಂತಿತು.

ಪದದ ನಾಲ್ಕು ಬಳಕೆಗಳು

ಟಿಂಡೇಲರ ಪದವು ಮುಂದೆ ನಾಲ್ಕು ಬಗೆಯಾಗಿ ಬಳಕೆಗೆ ಬಂದಿತು.

ಮೊದಲನೆಯದು, ಮೂಲದ ಆಚರಣೆಯ ಅರ್ಥ. ಪವಿತ್ರ ಗ್ರಂಥದ ವ್ಯಾಖ್ಯಾನಗಳಲ್ಲಿ ಇದು ಈಗಲೂ ಇದೆ. ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಲ್ಮನ್ ಹಂಟ್ 1854ರಿಂದ 1856ರ ಅವಧಿಯಲ್ಲಿ ರಚಿಸಿದ ‘ದಿ ಸ್ಕೇಪ್‌ಗೋಟ್’ ಎಂಬ ಚಿತ್ರವೂ ಇದೇ ಅರ್ಥದ್ದು. ಇದಕ್ಕಾಗಿ ಅವರು ಮೃತ ಸಮುದ್ರದ ದಡಕ್ಕೆ ಹೋಗಿ ಕೆಲಸಮಾಡಿದರು. ಉಪ್ಪು ಹೆಪ್ಪುಗಟ್ಟಿದ ನೆಲದಲ್ಲಿ ಕೊಂಬಿಗೆ ಕೆಂಪು ಕಟ್ಟಿಸಿಕೊಂಡ ಹೋತ ಒಂಟಿಯಾಗಿ ನಿಂತು ಬಸವಳಿದಿದೆ. ಅದನ್ನು ಕಳುಹಿಸಿದವರು ಯಾರೂ ಚಿತ್ರದಲ್ಲಿಲ್ಲ.

ಎರಡನೆಯದು, ಮಾನವಶಾಸ್ತ್ರದ ಅರ್ಥ. ಜೇಮ್ಸ್ ಫ್ರೇಜರ್ ತಮ್ಮ ‘ದಿ ಗೋಲ್ಡನ್ ಬೌ’ ಎಂಬ ಬೃಹತ್ ಕೃತಿಯ 1913ರ ಸಂಪುಟವೊಂದಕ್ಕೆ ‘ದಿ ಸ್ಕೇಪ್‌ಗೋಟ್’ ಎಂದೇ ಹೆಸರಿಟ್ಟರು. ರೋಗ, ಕೇಡು, ಪಾಪಗಳನ್ನು ಪ್ರಾಣಿ, ವಸ್ತು ಅಥವಾ ಮನುಷ್ಯನ ಮೂಲಕ ಊರಿನಿಂದ ಹೊರಗೆ ಕಳುಹಿಸುವ ಎಲ್ಲ ಜನಾಂಗಗಳ ಆಚರಣೆಗಳಿಗೂ ಅವರು ಈ ಒಂದೇ ಪದವನ್ನು ಅನ್ವಯಿಸಿದರು. ಪ್ರಾಚೀನ ಗ್ರೀಸಿನ ನಗರಗಳಲ್ಲಿ ‘ಫಾರ್ಮಕೋಸ್’ ಎಂದು ಕರೆಯಲಾಗುತ್ತಿದ್ದ ದೀನ ಮನುಷ್ಯರನ್ನು ಹೊರದೂಡುತ್ತಿದ್ದುದು ಅವರ ಉದಾಹರಣೆಗಳಲ್ಲಿ ಒಂದು. ಯಾಜಕಕಾಂಡದ ಹೋತವು ಹೀಗೆ ಒಂದು ಜಾತಿವಾಚಕವಾಯಿತು.

ಮೂರನೆಯದು, ದಿನಬಳಕೆಯ ಅರ್ಥ. 19ನೆಯ ಶತಮಾನದ ಆದಿಭಾಗದಿಂದ, ಇತರರ ತಪ್ಪಿನ ಹೊಣೆಯನ್ನು ತಲೆಗೆ ಕಟ್ಟಿಸಿಕೊಂಡವನು ಎಂಬ ಅರ್ಥ ಬಲವಾಯಿತು. ನಮ್ಮ ಪತ್ರಿಕೆಗಳಿಗೆ ಬಂದದ್ದು ಇದೇ. ಇದನ್ನು ಕಂಡುಕೊಳ್ಳಲು ಕನ್ನಡಿಗರಿಗೆ ಇಂಗ್ಲಿಷ್ ಬೇಕಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿ ಇದ್ದೇ ಇದೆ.

ನಾಲ್ಕನೆಯದು, ಸಾಮಾಜಿಕ ಪ್ರಕ್ರಿಯೆಯ ಅರ್ಥ. 20ನೆಯ ಶತಮಾನದಲ್ಲಿ ನಾಮಪದವು ಕ್ರಿಯಾಪದವೂ ಆಯಿತು. ಗುಂಪೊಂದು ತನ್ನ ಒಳಗಿನ ಭಯ, ಸೋಲು, ಕಲಹಗಳನ್ನು ಒಬ್ಬ ವ್ಯಕ್ತಿಯ ಅಥವಾ ಅಲ್ಪಸಂಖ್ಯಾತ ಸಮುದಾಯದ ಮೇಲೆ ಹೊರಿಸುವ ಬಗೆಯನ್ನು ಸಮಾಜ ಮನೋವಿಜ್ಞಾನಿಗಳು ಈ ಹೆಸರಿನಿಂದ ವಿವರಿಸಿದರು. 1954ರಲ್ಲಿ ಪ್ರಕಟವಾದ, ಪೂರ್ವಗ್ರಹವನ್ನು ಕುರಿತ ಗಾರ್ಡನ್ ಆಲ್ಪೋರ್ಟರ ಪ್ರಸಿದ್ಧ ಗ್ರಂಥದಲ್ಲಿ ಇದರ ಚರ್ಚೆಯಿದೆ. ಒಡೆದ ಸಂಸಾರಗಳಲ್ಲಿ ಒಂದು ಮಗುವಿನ ಮೇಲೆಯೇ ಎಲ್ಲ ದೋಷವೂ ಬೀಳುವುದನ್ನು ಕುಟುಂಬ ಸಮಾಲೋಚಕರು ಇದೇ ಪದದಿಂದ ಗುರುತಿಸುತ್ತಾರೆ.

ಈ ನಾಲ್ಕನ್ನೂ ಒಟ್ಟಿಗಿಟ್ಟು ನೋಡಿದಾಗ ಪದದ ತಿರುವು ಸ್ಪಷ್ಟವಾಗುತ್ತದೆ. ಟಿಂಡೇಲರ ಪದದಲ್ಲಿ ಪಾರಾಗುವುದು ಹೋತ. ಇಂದಿನ ಪದದಲ್ಲಿ ಪಾರಾಗುವವರು ಹೊರಿಸಿದವರು, ಸಿಕ್ಕಿಬೀಳುವುದು ಹೋತ. ಆರೋನನ ವಿಧಿಯಲ್ಲಿ ಪಾಪ ನಮ್ಮದೆಂದು ಒಪ್ಪಿಕೊಂಡ ಬಳಿಕ ಹೊರಿಸಲಾಗುತ್ತದೆ. ಇಂದಿನ ಬಳಕೆಯಲ್ಲಿ ಪಾಪ ನಮ್ಮದಲ್ಲವೆಂದು ಹೇಳುವುದಕ್ಕಾಗಿಯೇ ಹೊರಿಸಲಾಗುತ್ತದೆ. ಒಂದೇ ಪದ ನಿವೇದನೆಯ ಹೆಸರೂ ಆಗಿದೆ, ನಿರಾಕರಣೆಯ ಹೆಸರೂ ಆಗಿದೆ. ಈ ಭೇದವನ್ನು ಮರೆತು ದೈವಶಾಸ್ತ್ರ ಮಾತನಾಡುವಂತಿಲ್ಲ.

ಗುಂಪು ಮತ್ತು ಅದರ ಕಥೆ

ನಾಲ್ಕನೆಯ ಅರ್ಥವನ್ನು ದೈವಶಾಸ್ತ್ರಕ್ಕೆ ತಂದವರಲ್ಲಿ ಮುಖ್ಯರು ಫ್ರಾನ್ಸಿನ ಚಿಂತಕ ರೆನೆ ಜಿರಾರ್ (1923-2015). ಇದೇ ಪದವನ್ನು ಶೀರ್ಷಿಕೆಯಾಗಿ ಹೊತ್ತ ಅವರ ಗ್ರಂಥ 1982ರಲ್ಲಿ ಪ್ರಕಟವಾಯಿತು. ಮನುಷ್ಯರು ಪರಸ್ಪರ ಅನುಕರಿಸುತ್ತ ಒಂದೇ ವಸ್ತುವಿಗಾಗಿ ಕಾದಾಡುತ್ತಾರೆ. ಕಲಹ ಎಲ್ಲೆಡೆ ಹಬ್ಬಿದಾಗ ಎಲ್ಲರೂ ಒಬ್ಬನ ವಿರುದ್ಧ ಒಂದಾಗುತ್ತಾರೆ. ಅವನನ್ನು ಹೊರಹಾಕಿದಾಗ ಶಾಂತಿ ಮರಳುತ್ತದೆ. ಆ ಶಾಂತಿಯೇ ಅವನು ಅಪರಾಧಿಯಾಗಿದ್ದನೆಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಇದು ಅವರ ವಾದದ ಸಾರ. ಈ ಪ್ರಕ್ರಿಯೆ ಕೆಲಸ ಮಾಡಬೇಕಾದರೆ ಗುಂಪಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿದಿರಬಾರದು. ‘ಇವನು ನಮ್ಮ ಸ್ಕೇಪ್‌ಗೋಟ್’ ಎಂದು ಯಾವ ಗುಂಪೂ ಹೇಳಿಕೊಳ್ಳುವುದಿಲ್ಲ. ‘ಇವನೇ ತಪ್ಪಿತಸ್ಥ’ ಎನ್ನುತ್ತದೆ. ಪುರಾಣಗಳು ಈ ಕಥೆಯನ್ನು ಗುಂಪಿನ ಕಡೆಯಿಂದ ಹೇಳಿದರೆ, ಶುಭಸಂದೇಶಗಳು ಅದನ್ನು ಬಲಿಯಾದವನ ಕಡೆಯಿಂದ ಹೇಳುತ್ತವೆ ಎಂಬುದು ಜಿರಾರರ ದೊಡ್ಡ ಒಳನೋಟ.

ಈ ಗ್ರಂಥವನ್ನು ಅವರು ಆರಂಭಿಸುವುದೇ 14ನೆಯ ಶತಮಾನದ ಮಹಾಮಾರಿಯ ಪ್ರಸ್ತಾಪದಿಂದ. ಬಾವಿಗಳಿಗೆ ಯೆಹೂದ್ಯರು ವಿಷ ಬೆರೆಸಿದರೆಂಬ ವದಂತಿ ಯುರೋಪಿನ ಕ್ರೈಸ್ತರಲ್ಲಿ ಹಬ್ಬಿತು. ಸ್ಟ್ರಾಸ್‌ಬರ್ಗ್ ನಗರಕ್ಕೆ ಪ್ಲೇಗು ತಲುಪುವ ಮೊದಲೇ, 1349ರ ಫೆಬ್ರವರಿ 14ರಂದು, ಅಲ್ಲಿನ ಯೆಹೂದ್ಯರನ್ನು ಸಜೀವವಾಗಿ ಸುಡಲಾಯಿತು. ಅದಕ್ಕೂ ಮುಂಚೆ, 1348ರಲ್ಲಿ, ಜಗದ್ಗುರು ಆರನೆಯ ಕ್ಲೆಮೆಂಟರು ಆಜ್ಞಾಪತ್ರಗಳನ್ನು ಹೊರಡಿಸಿ, ಯೆಹೂದ್ಯರೂ ಅದೇ ರೋಗದಿಂದ ಸಾಯುತ್ತಿದ್ದಾರೆ, ಯೆಹೂದ್ಯರೇ ಇಲ್ಲದ ನಾಡುಗಳಲ್ಲಿಯೂ ರೋಗವಿದೆ ಎಂದು ತರ್ಕಬದ್ಧವಾಗಿ ತೋರಿಸಿದ್ದರು. ಆದರೂ ಗುಂಪಿನ ಕಥೆಯೇ ಗೆದ್ದಿತು. ಯೇಸುಸ್ವಾಮಿಯ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಕೂಡದೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ‘ನೋಸ್ತ್ರಾ ಎತಾತೆ’ ಘೋಷಣೆಯಲ್ಲಿ ಸ್ಪಷ್ಟಪಡಿಸಿದ್ದು 1965ರಲ್ಲಿ. ಶಿಲುಬೆಯನ್ನು ಸಾರಿದ ಸಮುದಾಯವೇ ಶಿಲುಬೆಯ ಹೆಸರಿನಲ್ಲಿ ಇನ್ನೊಂದು ಸಮುದಾಯವನ್ನು ಹೋತವಾಗಿಸಿದ್ದನ್ನು ನಾವು ಇತರರ ಇತಿಹಾಸವೆಂದು ಓದುವಂತಿಲ್ಲ. ಅದು ಧರ್ಮಸಭೆಯ ಇತಿಹಾಸ.

ಜಿರಾರರ ಚಿಂತನೆಗೆ ಮಿತಿಗಳೂ ಇವೆ. ಎಲ್ಲ ಬಲಿಗಳನ್ನೂ ಒಂದೇ ಮೂಲಕ್ಕೆ ಇಳಿಸುವುದು ಕಷ್ಟ. ನಾವು ಈಗಾಗಲೇ ಕಂಡಂತೆ, ಯಾಜಕಕಾಂಡದ ವಿಧಿಯಲ್ಲಿಯೇ ದ್ವೇಷವೂ ಇಲ್ಲ, ಸುಳ್ಳು ಆಪಾದನೆಯೂ ಇಲ್ಲ. ಕ್ರಿಸ್ತರ ಮರಣವನ್ನು ಬಲಿಯೆಂದು ಕರೆಯಲು ಅವರು ಮೊದಲು ಹಿಂಜರಿದರು. ಇನ್ಸ್‌ಬ್ರುಕ್ಕಿನ ಯೇಸುಸಭೆಯ ದೈವಶಾಸ್ತ್ರಜ್ಞ ರೇಮಂಡ್ ಶ್ವಾಗರ್ ಅವರೊಡನೆ ನಡೆಸಿದ ಸಂವಾದದಿಂದ ತಮ್ಮ ನಿಲುವನ್ನು ತಿದ್ದಿಕೊಂಡರು. ಕ್ರಿಸ್ತರ ಸ್ವಾರ್ಪಣೆಗೂ ಗುಂಪು ನಡೆಸುವ ಬಲಿಗೂ ಇರುವ ಅಂತರವನ್ನು ಉಳಿಸಿಕೊಂಡೇ ಬಲಿ ಎಂಬ ಮಾತನ್ನು ಬಳಸಬಹುದೆಂಬ ತೀರ್ಮಾನ ನಮ್ಮ ಆರಾಧನಾ ಪರಂಪರೆಗೂ ಒಪ್ಪುವಂಥದು.

ಕ್ರಿಸ್ತರ ವಿಷಯದಲ್ಲಿ ಈ ಪದ

ಹೊಸ ಒಡಂಬಡಿಕೆಯು ಯೇಸುಸ್ವಾಮಿಯನ್ನು ಎಲ್ಲಿಯೂ ನೇರವಾಗಿ ಅಜಾಜೇಲನ ಹೋತವೆಂದು ಕರೆಯುವುದಿಲ್ಲ. ಹಿಬ್ರಿಯರಿಗೆ ಬರೆದ ಪತ್ರವು ದೋಷಪರಿಹಾರಕ ದಿನವನ್ನು ವಿಸ್ತಾರವಾಗಿ ಎತ್ತಿಕೊಂಡರೂ, ಅಲ್ಲಿ ಯೇಸು ತಮ್ಮದೇ ರಕ್ತದೊಡನೆ ಪರಮ ಪವಿತ್ರಸ್ಥಳವನ್ನು ಪ್ರವೇಶಿಸುವ ಮಹಾಯಾಜಕರು. ಪಾಳೆಯದ ಹೊರಗೆ ದಹಿಸಲ್ಪಡುವ ಪ್ರಾಣಿಗಳ ಶರೀರಗಳನ್ನು ನೆನೆದು, ಯೇಸುವೂ ನಗರದ್ವಾರದ ಹೊರಗೆ ಯಾತನೆಪಟ್ಟರೆಂದು ಆ ಪತ್ರ ಹೇಳುತ್ತದೆ (13:11-13). ಅದೂ ಮೊದಲನೆಯ ಹೋತದ ಕಡೆಯ ಹೋಲಿಕೆಯೇ. ಆದರೂ ಎರಡನೆಯ ಹೋತದ ನೆರಳು ಅಲ್ಲಲ್ಲಿ ಕಾಣುತ್ತದೆ. ಸ್ನಾನಿಕ ಯೊವಾನ್ನನು ತೋರಿಸಿದ ದೇವರ ಕುರಿಮರಿಯು ಲೋಕದ ಪಾಪವನ್ನು ಹೊತ್ತು ತೊಲಗಿಸುತ್ತದೆ (ಯೊವಾನ್ನ 1:29). ಪಾಸ್ಕದ ಕುರಿಮರಿ ಪಾಪವನ್ನು ಹೊತ್ತೊಯ್ಯುವುದಿಲ್ಲ, ಹೊತ್ತೊಯ್ಯುವುದು ಹೋತ. ಯೆಶಾಯನ ಗ್ರಂಥದ 53ನೆಯ ಅಧ್ಯಾಯದ ಸೇವಕನೂ ಅನೇಕರ ಪಾಪವನ್ನು ಹೊರುತ್ತಾನೆ. ಪ್ರಾಚೀನ ಧರ್ಮಪಿತೃಗಳು ಇನ್ನೂ ಧೈರ್ಯವಾಗಿ ಮುಂದುವರಿದರು. ಬಾರ್ನಬನ ಹೆಸರಿನ ಪತ್ರವು ಹೋತದ ಕೆಂಪು ಉಣ್ಣೆಯಲ್ಲಿ ಕ್ರಿಸ್ತರ ಕೆಂಪು ಮೇಲಂಗಿಯನ್ನು ಕಂಡಿತು. ಸಂತ ಜಸ್ಟಿನರು ಎರಡು ಹೋತಗಳಲ್ಲಿ ಕ್ರಿಸ್ತರ ಎರಡು ಆಗಮನಗಳನ್ನು ಕಂಡರು. ಎರಡೂ ಹೋತಗಳು ಒಬ್ಬ ಕ್ರಿಸ್ತರಲ್ಲಿ ಸೇರುತ್ತವೆಂಬುದು ಈ ಪರಂಪರೆಯ ಸಾರ.

ಮೂರನೆಯ ಮತ್ತು ನಾಲ್ಕನೆಯ ಅರ್ಥಗಳ ಗತಿ ಏನು? ಅವೂ ಯಾತನೆಯ ಕಥನದಲ್ಲಿವೆ. ಆದರೆ ಅವನ್ನು ನಡೆಸುವವರು ಮನುಷ್ಯರು. ಜನಾಂಗವೆಲ್ಲ ನಾಶವಾಗುವುದಕ್ಕಿಂತ ಒಬ್ಬ ಸಾಯುವುದೇ ಲೇಸೆಂದು ಲೆಕ್ಕಹಾಕಿದವನು ಕಾಯಫ (ಯೊವಾನ್ನ 11:50). ಅಂದಿನವರೆಗೆ ವೈರಿಗಳಾಗಿದ್ದ ಹೆರೋದ ಮತ್ತು ಪಿಲಾತರು ಅದೇ ದಿನ ಮಿತ್ರರಾದರೆಂದು ಲೂಕನು ದಾಖಲಿಸುತ್ತಾನೆ (23:12). ಒಬ್ಬನ ಬೆಲೆ ತೆತ್ತು ಬರುವ ಶಾಂತಿ ಇದೇ. ಆದರೆ ಶುಭಸಂದೇಶ ಆ ಶಾಂತಿಯನ್ನು ನಂಬುವುದಿಲ್ಲ. ಶಿಲುಬೆಯ ಬುಡದಲ್ಲಿ ನಿಂತ ಶತಾಧಿಪತಿಯು ಈತ ನೀತಿವಂತನೆಂದು ಹೇಳುತ್ತಾನೆ. ಮೂರನೆಯ ದಿನ ತಂದೆಯಾದ ದೇವರು ಪುತ್ರನನ್ನು ಎಬ್ಬಿಸಿ ಗುಂಪಿನ ತೀರ್ಪನ್ನು ರದ್ದುಪಡಿಸುತ್ತಾರೆ. ಹೊರಿಸಿದವರು ಯಾರೆಂಬ ಪ್ರಶ್ನೆಗೆ ‘ತಂದೆ’ ಎಂಬ ಉತ್ತರ ಕೊಟ್ಟರೆ, ನಾವು ಕಾಯಫನ ಲೆಕ್ಕವನ್ನು ದೇವರ ಲೆಕ್ಕವಾಗಿಸಿದಂತಾಗುತ್ತದೆ.

ಕನ್ನಡದ ಎರಡು ಕ್ರಿಯಾಪದಗಳು ಇಲ್ಲಿ ನಮ್ಮ ನೆರವಿಗೆ ಬರುತ್ತವೆ: ‘ಹೊರು’ ಮತ್ತು ಅದರ ಪ್ರೇರಣಾರ್ಥಕ ರೂಪವಾದ ‘ಹೊರಿಸು’. ಕಾಯಫ, ಪಿಲಾತ ಮತ್ತು ಜನಸಮೂಹ ಹೊರಿಸಿದರು, ಕ್ರಿಸ್ತರು ಹೊತ್ತರು. ಹೊರಿಸಿದ್ದು ಅನ್ಯಾಯ, ಹೊತ್ತದ್ದು ಪ್ರೀತಿ. ತಮ್ಮ ಪ್ರಾಣವನ್ನು ಯಾರೂ ಕಸಿದುಕೊಳ್ಳುವುದಿಲ್ಲ, ತಾವಾಗಿಯೇ ಅದನ್ನು ಧಾರೆಯೆರೆಯುವುದಾಗಿ ಒಳ್ಳೆಯ ಕುರಿಗಾಹಿ ಹೇಳುತ್ತಾರೆ (ಯೊವಾನ್ನ 10:18). ಅರಣ್ಯಕ್ಕೆ ಹೋದ ಹೋತಕ್ಕೆ ತಾನು ಏನನ್ನು ಹೊತ್ತಿದ್ದೇನೆಂದು ತಿಳಿಯದು; ಪತ್ರಿಕೆಯ ವರದಿಯ ನೌಕರನು ತಿಳಿದೂ ಒಲ್ಲದೆ ಹೊರುತ್ತಾನೆ; ಕ್ರಿಸ್ತರು ತಿಳಿದು, ಒಲಿದು ಹೊರುತ್ತಾರೆ. ಈ ಮೂವರನ್ನೂ ಒಂದೇ ಪದ ಮುಚ್ಚಿಬಿಡಬಾರದು.

ಕನ್ನಡ ಬಳಕೆಗೆ ಕೆಲವು ಸೂಚನೆಗಳು

ಇದರಿಂದ ಬೋಧಕರಿಗೂ ಅನುವಾದಕರಿಗೂ ಉಪಯುಕ್ತವಾದ ಕೆಲವು ತೀರ್ಮಾನಗಳಿಗೆ ಬರಬಹುದು. ಯಾಜಕಕಾಂಡದ ಆಚರಣೆಯನ್ನು ಕುರಿತು ಮಾತನಾಡುವಾಗ ‘ಪಾಪ ಹೊತ್ತ ಹೋತ’ ಅಥವಾ ‘ಅರಣ್ಯಕ್ಕೆ ಬಿಟ್ಟ ಹೋತ’ ಎನ್ನುವುದು ಲೇಸು. ‘ಬಲಿಪಶು’ ಎಂಬುದನ್ನು ವಧಿಸಲ್ಪಡುವ ಮೊದಲನೆಯ ಹೋತಕ್ಕೆ ಮೀಸಲಿಡಬೇಕು. ಸಾಮಾಜಿಕ ಅರ್ಥದಲ್ಲಿ ‘ಆಪಾದನೆ ಹೊರಿಸಲ್ಪಟ್ಟವರು’ ಎಂದರೆ ಹೊರಿಸಿದವರು ಯಾರೆಂಬ ಪ್ರಶ್ನೆ ಜೀವಂತವಾಗಿ ಉಳಿಯುತ್ತದೆ. ‘ಬಲಿಪಶುವಾದ’ ಎನ್ನುವಾಗ ಮಾಡಿದವರು ವಾಕ್ಯದಿಂದಲೇ ಮರೆಯಾಗುತ್ತಾರೆ, ಹಂಟ್ ಅವರ ಚಿತ್ರದಲ್ಲಿ ಮರೆಯಾದಂತೆ. ‘ಹರಕೆಯ ಕುರಿ’ ಎಂಬ ನುಡಿಗಟ್ಟಿಗೆ ಬೇರೆಯೇ ಛಾಯೆಯಿದೆ. ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಹರಕೆಯ ಕುರಿಯು ತನ್ನ ಸಾವನ್ನರಿಯದೆ ತೋರಣದ ತಳಿರನ್ನು ಮೇಯುತ್ತದೆ. ಅಲ್ಲಿ ಒತ್ತು ಬೀಳುವುದು ಅರಿವಿಲ್ಲದಿರುವುದರ ಮೇಲೆ, ಆದ್ದರಿಂದ ಕ್ರಿಸ್ತರಿಗೆ ಈ ನುಡಿ ಸಲ್ಲದು. ಕ್ರಿಸ್ತರನ್ನು ಕುರಿತು ಹೇಳುವಾಗ ‘ದೇವರ ಕುರಿಮರಿ’, ‘ತಮ್ಮನ್ನೇ ಬಲಿಯಾಗಿ ಅರ್ಪಿಸಿದವರು’ ಎಂಬ ಆರಾಧನಾ ಭಾಷೆಯೇ ನಮಗೆ ಸಾಕು. ‘ಬಲಿಪಶು’ ಎನ್ನಲೇಬೇಕಾದಲ್ಲಿ, ಹೊರಿಸಿದವರು ಮನುಷ್ಯರು, ಹೊತ್ತವರು ಕ್ರಿಸ್ತರು ಎಂಬ ಭೇದವನ್ನು ಅದೇ ಪ್ರಬೋಧನೆಯಲ್ಲಿ ಹೇಳಿಯೇ ತೀರಬೇಕು.

ಊರ ಹೊರಗೆ

ಇಷ್ಟು ಹೇಳಿದ ಮೇಲೂ ವಿಷಯ ಕೇವಲ ಶಬ್ದಗಳದ್ದಲ್ಲ. ಮಾರಿಯನ್ನು ಊರ ಗಡಿ ದಾಟಿಸುವ ಆಚರಣೆಗಳು ನಮ್ಮ ನಾಡಿನಲ್ಲಿವೆ. ತುಳುನಾಡಿನಲ್ಲಿ ಮನೆಮನೆಗೆ ಬಂದು ಮಾರಿಯನ್ನು ಕಳೆಯುವ ಆಟಿ ಕಳಂಜ ಜನರ ಪ್ರೀತಿಗೆ ಪಾತ್ರನಾದ ರೂಪ. ಆಚರಣೆಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಊರಿನ ಹೊಲಸನ್ನೂ ಸತ್ತ ದನವನ್ನೂ ಸಾಗಿಸುವ ಕೆಲಸವನ್ನು ಕೆಲವು ಜಾತಿಗಳಿಗೆ ಹೊರಿಸಿ, ಹೊತ್ತ ಕಾರಣಕ್ಕಾಗಿಯೇ ಅವರನ್ನು ಊರ ಹೊರಗಿಟ್ಟ ಸಮಾಜ ನಮ್ಮದು. ಯಾಜಕಕಾಂಡದಲ್ಲಿ ಹೋತವನ್ನು ಕರೆದೊಯ್ದವನು ಸ್ನಾನಮಾಡಿ ಪಾಳೆಯಕ್ಕೆ ಹಿಂದಿರುಗುತ್ತಾನೆ. ನಮ್ಮಲ್ಲಿ ಹಿಂದಿರುಗುವ ದಾರಿಯನ್ನೇ ತಲೆಮಾರುಗಳ ಕಾಲ ಮುಚ್ಚಲಾಯಿತು. ಕೈಯಿಂದ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ನಮ್ಮ ದೇಶಕ್ಕೆ 1993ರಲ್ಲಿ ಒಂದು ಕಾಯಿದೆಯೂ 2013ರಲ್ಲಿ ಮತ್ತೊಂದು ಕಾಯಿದೆಯೂ ಬೇಕಾದವು. ಸ್ಮಶಾನದಲ್ಲಿಯೂ ಜಾತಿಯ ಗೋಡೆ ಕಟ್ಟಿಕೊಂಡ ಕ್ರೈಸ್ತ ಸಮುದಾಯಗಳು ಭಾರತದಲ್ಲಿ ಇರುವುದರಿಂದ ಇದು ನೆರೆಯವರ ದೋಷವೆಂದು ನಾವು ಹೇಳುವಂತಿಲ್ಲ.

ಸಣ್ಣ ಪ್ರಮಾಣದಲ್ಲಿ ಇದೇ ಸಂಗತಿ ಪ್ರತಿ ಧರ್ಮಕೇಂದ್ರದಲ್ಲಿಯೂ ನಡೆಯುತ್ತದೆ. ಮನೆಯಲ್ಲಿ ಕೇಡಾದರೆ ಹೊಸದಾಗ ಬಂದ ಸೊಸೆಯ ಕಾಲ್ಗುಣ ಕಾರಣವಾಗುತ್ತದೆ. ಶುಭಕಾರ್ಯ ಕೆಟ್ಟರೆ ಎದುರಾದ ವಿಧವೆ ಕಾರಣಳಾಗುತ್ತಾಳೆ. ಹಬ್ಬದ ಲೆಕ್ಕದಲ್ಲಿ ಹಣ ಕಡಿಮೆಯಾದರೆ ಮೊದಲು ಸಂದೇಹ ಬೀಳುವುದು ಗುಡಿ ಗುಡಿಸುವವನ ಮೇಲೆ. ಒಬ್ಬನ ವಿರುದ್ಧ ಎಲ್ಲರೂ ಏಕಮನಸ್ಸಿನವರಾದಾಗ ಗುರುಗಳಾದವರು ಸಂತೋಷಪಡುವ ಬದಲು ಎಚ್ಚರಗೊಳ್ಳಬೇಕು. ಹೆರೋದ-ಪಿಲಾತರ ಸ್ನೇಹವೂ ಹೀಗೆಯೇ ಆರಂಭವಾಯಿತು.

ಬಲಿಪೂಜೆಯ ಆರಂಭದಲ್ಲಿ ನಾವು ಮೂರು ಸಲ ಎದೆ ಬಡಿದುಕೊಂಡು, ತಪ್ಪು ನಮ್ಮದೇ ಎಂದು ಎಲ್ಲರ ಮುಂದೆ ನುಡಿಯುತ್ತೇವೆ. ಆರೋನನು ಹೋತದ ತಲೆಯ ಮೇಲೆ ಕೈಯಿಟ್ಟು ಹೇಳಿದ್ದೂ ಇದನ್ನೇ. ಈಗ ಕೈಯಿಡಲು ಹೋತವಿಲ್ಲ, ಇರುವುದು ನಮ್ಮ ಎದೆಯೇ. ಯಾತನೆಗೆ ನಿಜವಾದ ಕಾರಣಕರ್ತರು ಪಾಪಿಗಳಾದ ನಾವೆಲ್ಲರೂ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ (598) ಬೋಧಿಸುತ್ತದೆ. ಪೂಜೆ ಮುಗಿಸಿ ಹೊರಬಂದ ಕೂಡಲೇ ಅದೇ ಕೈ ನೆರೆಯವನ ಕಡೆಗೆ ಬೆರಳು ತೋರಿಸಿದರೆ, ಎರಡು ಹೋತಗಳಲ್ಲಿ ಯಾವುದೂ ನಮಗೆ ಅರ್ಥವಾಗಲಿಲ್ಲವೆಂದೇ ತಿಳಿಯಬೇಕು. ಪಾಳೆಯದ ಹೊರಗೆ ನಿಂದೆಯನ್ನು ಹೊತ್ತ ಯೇಸುವಿನ ಬಳಿಗೆ ನಾವೂ ಹೊರಟುಹೋಗಬೇಕೆಂದು ಹಿಬ್ರಿಯರಿಗೆ ಬರೆದ ಪತ್ರ ಕರೆಕೊಡುತ್ತದೆ. ಆ ಹೊರಗೆ ಅವರೊಡನೆ ಯಾರು ಯಾರಿದ್ದಾರೆಂದು ಹೋಗಿ ನೋಡುವ ಹೊಣೆ ನಮ್ಮ ಧರ್ಮಕೇಂದ್ರಗಳಿಗಿದೆ, ಗುರುಮಠಗಳಿಗೂ ಇದೆ.